ಮಾನವಾಕೃತಿಗೆ ಯಾರ ಅಳತೆಗೋಲು?

ಶಿವಮೊಗ್ಗ: ಭದ್ರಾವತಿಯ ಹಳೇನಗರದಲ್ಲಿರುವ ಲಕ್ಷ್ಮೀನರಸಿಂಹ ದೇವಾಲಯವು 13ನೇ ಶತಮಾನದ ಹೊಯ್ಸಳ ನಿರ್ಮಾಣ. ಅಲ್ಲಿ ಪೂಜೆಗೊಳ್ಳುವ ನರಸಿಂಹನದು ಮನುಷ್ಯನ ಮೈ, ಸಿಂಹದ ಮುಖ. ಇದೇ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿ ಕ್ರಿ.ಶ. 1047ರಲ್ಲಿ ನಿಲ್ಲಿಸಿದ ಕಂಬವೊಂದರ ಮೇಲೆ ಗಂಡಭೇರುಂಡವಿದೆ. ಅದಕ್ಕೂ ಮೈ ಮನುಷ್ಯನದೇ, ತಲೆಗಳು ಮಾತ್ರ ಹಕ್ಕಿಯವು, ಎರಡು. ಶಿವಮೊಗ್ಗ ನಗರದ ಮೆಗ್ಗಾನ್ ಆಸ್ಪತ್ರೆಗೆ ಹೊಂದಿಕೊಂಡ ವೈದ್ಯಕೀಯ ಕಾಲೇಜಿನಲ್ಲಾದರೋ ವಿದ್ಯಾರ್ಥಿಗಳು ಕಲಿಯುವ ಮನುಷ್ಯನಿಗೆ 206 ಮೂಳೆಗಳು. ಅದಕ್ಕೆ ಹೊರತಾದದ್ದು ಅಲ್ಲಿ ಅಪವಾದ.

ದೇವಾಲಯ, ಕಂಬ, ತರಗತಿ ಈ ಮೂರೂ ಕಡೆ ಇರುವುದು ಮನುಷ್ಯನ ಆಕಾರವೇ. ಆದರೆ ಒಂದೊಂದು ಕಡೆಯೂ ಅದಕ್ಕೆ ಒಂದೊಂದು ಅರ್ಥ. ನಮ್ಮ ದೇಹವನ್ನು ನಾವು ಕಣ್ಣಿನಿಂದ ಮಾತ್ರ ಕಾಣುವುದಿಲ್ಲ. ಕಲೆ, ಧರ್ಮ ಮತ್ತು ವಿಜ್ಞಾನಗಳು ಶತಮಾನಗಳಿಂದ ಕೊಟ್ಟಿರುವ ಅಳತೆಗೋಲುಗಳ ಮೂಲಕ ಕಾಣುತ್ತೇವೆ. ಸುಂದರವಾದ ದೇಹ ಯಾವುದು, ಪವಿತ್ರವಾದದ್ದು ಯಾವುದು, ಆರೋಗ್ಯವಂತ ದೇಹ ಯಾವುದು ಎಂಬ ತೀರ್ಮಾನಗಳು ಹುಟ್ಟುವುದು ಅಲ್ಲಿಂದಲೇ. ಆ ಅಳತೆಗಳು ಹೇಗೆ ಬಂದವು, ಎಲ್ಲಿ ಉಪಕಾರಿಯಾದವು, ಎಲ್ಲಿ ಅಪಾಯಕಾರಿಯಾದವು ಎಂಬುದನ್ನು ನಮ್ಮ ನಾಡಿನ ನಿದರ್ಶನಗಳಿಂದಲೇ ತಿಳಿಯಬಹುದು.

ಶಿಲ್ಪಿಯ ತಾಳಮಾನ

ಭಾರತೀಯ ಶಿಲ್ಪಶಾಸ್ತ್ರದಲ್ಲಿ ಮೂರ್ತಿಯ ಪ್ರಮಾಣವನ್ನು ನಿರ್ಧರಿಸುವುದು ತಾಳಮಾನ ಪದ್ಧತಿ. ಒಂದು ತಾಳಕ್ಕೆ 12 ಅಂಗುಲ. ಹಣೆಯ ಮೇಲಿನ ಕೂದಲಂಚಿನಿಂದ ಗಲ್ಲದವರೆಗಿನ ಮುಖದ ಉದ್ದವೇ ಒಂದು ತಾಳ. ಒಂಬತ್ತು ತಾಳಗಳ ಮೂರ್ತಿ ನವತಾಳ. ಅದರ ಎತ್ತರ 108 ಅಂಗುಲ. ಈ 108ರ ಹಂಚಿಕೆ ಹೀಗಿದೆ: ಮುಖ, ಕೊರಳಿನಿಂದ ಎದೆ, ಎದೆಯಿಂದ ಹೊಕ್ಕುಳು, ಹೊಕ್ಕುಳಿನಿಂದ ತೊಡೆಯ ಬುಡ ಇವು ತಲಾ 12 ಅಂಗುಲ, ತೊಡೆ ಮತ್ತು ಮೊಣಕಾಲಿನ ಕೆಳಭಾಗ ತಲಾ 24 ಅಂಗುಲ, ಕೊರಳು, ಮಂಡಿ, ಪಾದದ ಎತ್ತರ ತಲಾ 4 ಅಂಗುಲ. ಪ್ರಧಾನ ದೇವತೆಗಳಿಗೆ ವಿಧಿಸಿರುವ ಉತ್ತಮ ದಶತಾಳದಲ್ಲಿ ಎತ್ತರ 124 ಅಂಗುಲಕ್ಕೆ ಏರುತ್ತದೆ. ಗಣಪತಿಗೆ ಪಂಚತಾಳ, ಕುಬ್ಜ ಗಣಗಳಿಗೆ ನಾಲ್ಕು ತಾಳ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಈ ಅಂಗುಲವು ಅಂಗಡಿಯ ಅಳತೆಪಟ್ಟಿಯ ಅಂಗುಲವಲ್ಲ. ಮಾಡಬೇಕಾದ ಮೂರ್ತಿಯ ಒಟ್ಟು ಎತ್ತರವನ್ನೇ 108 ಅಥವಾ 124 ಸಮಭಾಗಗಳಾಗಿ ವಿಭಜಿಸಿದಾಗ ದೊರೆಯುವ ಒಂದು ಭಾಗವೇ ಆ ಮೂರ್ತಿಯ ಅಂಗುಲ. ಆದುದರಿಂದ ಗೇಣುದ್ದದ ಗಂಧದ ವಿಗ್ರಹಕ್ಕೂ ಆಳೆತ್ತರದ ಕಲ್ಲಿನ ವಿಗ್ರಹಕ್ಕೂ ಒಂದೇ ನಿಯಮ ಸಲ್ಲುತ್ತದೆ.

ಮುಖದ ಪ್ರಮಾಣ ಹಿಗ್ಗಿದಷ್ಟೂ ಆಕೃತಿ ಮಗುವಿನಂತೆ ಕಾಣುತ್ತದೆ ಎಂಬ ಸೂಕ್ಷ್ಮವೂ ಈ ಪದ್ಧತಿಯಲ್ಲಿ ಅಡಗಿದೆ. ಅದು ವೈದ್ಯಶಾಸ್ತ್ರವೂ ಒಪ್ಪುವ ಸಂಗತಿ: ನವಜಾತ ಶಿಶುವಿನ ತಲೆ ಅದರ ಉದ್ದದ ಸುಮಾರು ಕಾಲುಭಾಗವಿದ್ದರೆ ವಯಸ್ಕರಲ್ಲಿ ಅದು ಏಳರಲ್ಲೋ ಎಂಟರಲ್ಲೋ ಒಂದು ಭಾಗವಷ್ಟೆ. ಗಣಪತಿಯ ಮುದ್ದುತನದ ಹಿಂದೆ ಇಂತಹದೊಂದು ಲೆಕ್ಕವಿದೆ.

ಆದರೆ ನಿಯಮವು ಶಿಲ್ಪಿಯ ಕೈಯನ್ನು ಪೂರ್ತಿ ಕಟ್ಟಿಹಾಕಲಿಲ್ಲ. ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ ಮದನಿಕೆಯರನ್ನು ಕಡೆದು ತಮ್ಮ ಹೆಸರನ್ನು ಕೆತ್ತಿಟ್ಟಿದ್ದಾರೆ. 12ನೇ ಶತಮಾನದ ಈ ಶಿಲ್ಪಗಳ ಸಣ್ಣ ನಡು, ತುಂಬಿದ ನಿತಂಬ, ಮೂರು ಕಡೆ ಬಾಗಿದ ನಿಲುವು ನಿಜ ಜೀವನದಲ್ಲಿ ಕಾಣಸಿಗುವುದು ದುರ್ಲಭ. ದಾಸೋಜನ ಗುರಿ ಕಂಡ ಹೆಣ್ಣನ್ನು ಕಂಡಂತೆ ಚಿತ್ರಿಸುವುದಾಗಿರಲಿಲ್ಲ. ಮೃದುವಾದ ಬಳಪದ ಕಲ್ಲಿನಲ್ಲಿ ಲಾವಣ್ಯವೆಂಬ ಭಾವವನ್ನು ಮೂಡಿಸುವುದಾಗಿತ್ತು. ಅದನ್ನು ಹೆಣ್ಣಿನ ದೇಹದ ಮಾದರಿ ಎಂದು ಓದಿದರೆ ಶಿಲ್ಪಕ್ಕೂ ಅನ್ಯಾಯ, ಹೆಣ್ಣಿಗೂ ಅನ್ಯಾಯ.

ಗುಡಿಯೇ ದೇಹ, ದೇಹವೇ ಗುಡಿ

ಧರ್ಮವು ದೇಹವನ್ನು ನೋಡಿದ ಬಗೆ ಒಂದೇ ಅಲ್ಲ. ದೇವಾಲಯದ ವಾಸ್ತುವಿನಲ್ಲಿ ಕಟ್ಟಡದ ಭಾಗಗಳಿಗೆ ಪಾದ, ಜಂಘಾ, ಗ್ರೀವ, ಶಿಖರ ಎಂಬ ಹೆಸರುಗಳಿವೆ. ಅಂದರೆ ಗುಡಿಯೇ ನಿಂತಿರುವ ಪುರುಷ. 12ನೇ ಶತಮಾನದ ಶರಣರು ಈ ಹೋಲಿಕೆಯನ್ನು ತಿರುಗಿಸಿ, ಕಲ್ಲಿನ ಗುಡಿಗಿದ್ದ ಸ್ಥಾನವನ್ನು ಜೀವಂತ ಶರೀರಕ್ಕೇ ಕೊಟ್ಟರು. ಗುಡಿ ಕಟ್ಟಿಸಲಾಗದ ಬಡವನ ಮೈಗೂ ಆಗ ಗುಡಿಯ ಗೌರವ ಬಂತು.

ಈ ಚಿಂತನೆಗೆ ಶಿವಮೊಗ್ಗ ಜಿಲ್ಲೆಯ ನಂಟು ಆಳವಾದದ್ದು. ಅಲ್ಲಮಪ್ರಭುವಿನ ಊರು ಬಳ್ಳಿಗಾವಿ. ಅಕ್ಕಮಹಾದೇವಿಯ ಊರು ಅದೇ ತಾಲ್ಲೂಕಿನ ಉಡುತಡಿ. ಉಡುಗೆಯನ್ನು ತ್ಯಜಿಸಿ ಬಂದ ಅಕ್ಕನನ್ನು ಅಲ್ಲಮನು ಪರೀಕ್ಷಿಸಿ, ಕೂದಲಿನಿಂದ ಮೈಮುಚ್ಚಿಕೊಂಡದ್ದೇಕೆ ಎಂದು ಪ್ರಶ್ನಿಸಿದ ಪ್ರಸಂಗವು ಶೂನ್ಯಸಂಪಾದನೆಯಲ್ಲಿ ಬರುತ್ತದೆ. ದೇಹವನ್ನು ಪವಿತ್ರವೆನ್ನುವುದು ಮತ್ತು ದೇಹಾಭಿಮಾನವನ್ನು ಬಿಡುವುದು, ಇವೆರಡೂ ಒಂದೇ ಪರಂಪರೆಯೊಳಗೆ ವಾದಕ್ಕೆ ಕುಳಿತ ಅಪೂರ್ವ ಸಂದರ್ಭವದು.

ಜೈನ ಪರಂಪರೆಯಲ್ಲಿ ಉತ್ತರ ಇನ್ನೊಂದು. ಹೊಸನಗರ ತಾಲ್ಲೂಕಿನ ಹುಂಚದಲ್ಲಿ ಕ್ರಿ.ಶ. 1077ರ ಪಂಚಕೂಟ ಬಸದಿಯಿದೆ. ಬಸದಿಗಳಲ್ಲಿ ಕಾಣುವ ನಿಂತ ತೀರ್ಥಂಕರ ಮೂರ್ತಿಗಳ ಭಂಗಿಗೆ ಕಾಯೋತ್ಸರ್ಗವೆಂದು ಹೆಸರು. ಕಾಯದ ಹಂಗನ್ನು ಬಿಡುವುದು ಎಂದು ಅದರ ಅರ್ಥ. ಶ್ರವಣಬೆಳಗೊಳದ 58 ಅಡಿ ಎತ್ತರದ, 10ನೇ ಶತಮಾನದ ಗೊಮ್ಮಟನ ಮೈಯಲ್ಲಿ ಬಿಗಿದ ಸ್ನಾಯುವಿಲ್ಲ, ಹೋರಾಟದ ಗುರುತಿಲ್ಲ. ಯುದ್ಧದಲ್ಲಿ ಗೆದ್ದವನ ದೇಹವನ್ನು ಸ್ನಾಯುಗಳಿಲ್ಲದೆ ಕಡೆಯುವುದರಲ್ಲೇ ಆ ಧರ್ಮದ ತತ್ವ ಅಡಗಿದೆ.

ಎಣಿಕೆಗೆ ನಿಲುಕುವ ದೇಹ

ವಿಜ್ಞಾನವು ದೇಹದ ಒಳಹೊಕ್ಕು ನೋಡಿತು. ಸುಶ್ರುತ ಸಂಹಿತೆಯಲ್ಲಿ ಶವಪರೀಕ್ಷೆಯ ಕ್ರಮವಿದೆ: ಶವವನ್ನು ಹುಲ್ಲಿನಲ್ಲಿ ಸುತ್ತಿ, ಪಂಜರದಲ್ಲಿರಿಸಿ, ಹರಿಯುವ ನೀರಿನಲ್ಲಿ ಏಳು ರಾತ್ರಿ ಇಟ್ಟು, ಕೊಳೆತ ಬಳಿಕ ಕುಂಚದಿಂದ ಮೆಲ್ಲಮೆಲ್ಲನೆ ಉಜ್ಜುತ್ತ ಚರ್ಮದಿಂದ ಮೊದಲ್ಗೊಂಡು ಪ್ರತಿ ಪದರವನ್ನೂ ಕಣ್ಣಾರೆ ಕಾಣಬೇಕು. ವೇದವಾದಿಗಳು ಮೂಳೆಗಳು 360 ಎನ್ನುತ್ತಾರೆ, ಶಲ್ಯತಂತ್ರದ ಪ್ರಕಾರ 300 ಎಂದು ಅದೇ ಗ್ರಂಥ ಹೇಳುತ್ತದೆ. ಇಂದಿನ ಲೆಕ್ಕ 206. ಯಾವುದನ್ನು ಮೂಳೆ ಎನ್ನಬೇಕೆಂಬ ವ್ಯಾಖ್ಯೆಯೇ ಈ ವ್ಯತ್ಯಾಸಕ್ಕೆ ಮುಖ್ಯ ಕಾರಣ. ಹಳೆಯ ಎಣಿಕೆಗಳಲ್ಲಿ ಹಲ್ಲು, ಮೃದ್ವಸ್ಥಿ ಮುಂತಾದವೂ ಸೇರಿದ್ದವು. ದೇಹ ಬದಲಾಗಲಿಲ್ಲ, ವಿಂಗಡಣೆ ಬದಲಾಯಿತು.

ಚರಕ ಸಂಹಿತೆಯು ಮನುಷ್ಯನ ಎತ್ತರವನ್ನು 84 ಅಂಗುಲವೆಂದು ಹೇಳಿ, ಚಾಚಿದ ಎರಡು ತೋಳುಗಳ ಅಗಲವೂ ಅಷ್ಟೇ ಇರಬೇಕೆನ್ನುತ್ತದೆ. ಶಿಲ್ಪಿಯ 108ಕ್ಕೂ ವೈದ್ಯನ 84ಕ್ಕೂ ತಾಳೆಯಿಲ್ಲ. ಆದರೆ ತತ್ವ ಒಂದೇ. ರೋಗಿಯನ್ನು ಅಳೆಯಬೇಕಾದದ್ದು ರೋಗಿಯ ಬೆರಳಿನಿಂದಲೇ, ವೈದ್ಯನ ಬೆರಳಿನಿಂದಲ್ಲ.

ಯುರೋಪಿನಲ್ಲಿ 1543ರಲ್ಲಿ ವೆಸೇಲಿಯಸ್ ಪ್ರಕಟಿಸಿದ ಶರೀರರಚನಾ ಗ್ರಂಥವು ಮನುಷ್ಯರ ಶವಗಳನ್ನು ಸ್ವತಃ ಛೇದಿಸಿ, ಪ್ರಾಣಿಗಳ ಆಧಾರದಿಂದ ಗ್ಯಾಲೆನ್ ಹೇಳಿದ್ದ ತಪ್ಪುಗಳನ್ನು ತಿದ್ದಿತು. ಅದರ ಚಿತ್ರಗಳಲ್ಲಿ ಅಸ್ಥಿಪಂಜರಗಳು ಚಿಂತಾಮಗ್ನರಾದ ಮನುಷ್ಯರಂತೆ ನಿಂತಿವೆ. ವಿಜ್ಞಾನಕ್ಕೂ ಕಲಾವಿದನ ಕೈ ಬೇಕಾಯಿತು. ಭಾರತದಲ್ಲಿ ಆಧುನಿಕ ಶವಛೇದನದ ಪಾಠ ಆರಂಭವಾದದ್ದು 1836ರಲ್ಲಿ, ಕಲ್ಕತ್ತಾ ವೈದ್ಯಕೀಯ ಕಾಲೇಜಿನಲ್ಲಿ. ಅಲ್ಲಿ ಮುಂದೆ ಬಂದವರು ಮಧುಸೂದನ ಗುಪ್ತ ಎಂಬ ಆಯುರ್ವೇದ ಪಂಡಿತರು.

ಕಲ್ಲಿನಿಂದ ಕಾಗದಕ್ಕೆ

19ನೇ ಶತಮಾನದ ಕೊನೆಗೆ ಮಾನವಾಕೃತಿಯು ಕಲ್ಲಿನಿಂದ ಕಾಗದಕ್ಕೆ ಇಳಿಯಿತು. ರಾಜಾ ರವಿವರ್ಮರ ಮುದ್ರಣಾಲಯ 1894ರಲ್ಲಿ ಆರಂಭವಾದ ಮೇಲೆ ಲಕ್ಷ್ಮಿ, ಸರಸ್ವತಿಯರು ಪಾಶ್ಚಾತ್ಯ ವರ್ಣಚಿತ್ರ ಪದ್ಧತಿಯ ನೆರಳು ಬೆಳಕಿನ ಮೈಯೊಡನೆ ಮನೆಮನೆಯ ಗೋಡೆಗೆ ಬಂದರು. ತಾಳಮಾನದ ದೇವತೆ ನೆರೆಮನೆಯ ಹೆಣ್ಣುಮಗಳಂತೆ ಕಾಣತೊಡಗಿದಳು. 1936ರಲ್ಲಿ ಸ್ಥಾಪನೆಗೊಂಡು 2015ರಲ್ಲಿ ಉತ್ಪಾದನೆ ನಿಲ್ಲಿಸಿದ ಭದ್ರಾವತಿಯ ಮೈಸೂರು ಕಾಗದ ಕಾರ್ಖಾನೆಯು ಪತ್ರಿಕೆಗಳಿಗೂ ಕಾಗದ ಒದಗಿಸಿತು. ಸುದ್ದಿಯೊಡನೆ ಬಿಳಿಚರ್ಮದ ಜಾಹೀರಾತು, ನಟನಟಿಯರ ಚಿತ್ರ, ಪೈಲ್ವಾನರ ಭಾವಚಿತ್ರ ಮನೆಯೊಳಕ್ಕೆ ಬಂದದ್ದು ಅಂತಹ ಕಾಗದದ ಮೇಲೆಯೇ. ಈಗ ಆ ಸ್ಥಾನವನ್ನು ಮೊಬೈಲ್ ಪರದೆ ಪಡೆದಿದೆ. ವಾಹಕ ಬದಲಾದರೂ, ಕಂಡ ಚಿತ್ರದೊಂದಿಗೆ ತನ್ನ ಮೈಯನ್ನು ಹೋಲಿಸಿ ಕೊರಗುವ ಅಭ್ಯಾಸ ಬದಲಾಗಿಲ್ಲ.

ಅಳತೆಯೇ ಯೋಗ್ಯತೆಯಾದಾಗ

ಅಳತೆಯನ್ನು ಯೋಗ್ಯತೆಯೆಂದು ತಿಳಿದಾಗ ಅನಾಹುತ ಆರಂಭವಾಗುತ್ತದೆ. ಈ ತಪ್ಪಿಗೆ ಮೂರು ಕ್ಷೇತ್ರಗಳೂ ಹೊಣೆ. ಭಗ್ನವಾದ ಮೂರ್ತಿ ಪೂಜೆಗೆ ಅರ್ಹವಲ್ಲ ಎಂಬುದು ಆಗಮದ ವಿಧಿ. ಹಾಗಾಗಿ ಅನೇಕ ಶಿಲ್ಪಗಳು ಗುಡಿ ಬಿಟ್ಟು ವಸ್ತುಸಂಗ್ರಹಾಲಯ ಸೇರುತ್ತವೆ. ಕಲ್ಲಿಗೆ ಸಂಬಂಧಿಸಿದ ಆ ನಿಯಮದ ನೆರಳು ಅಂಗವೈಕಲ್ಯವುಳ್ಳ ಮನುಷ್ಯರ ಮೇಲೆ ಬಿದ್ದು, ಶುಭಕಾರ್ಯದಲ್ಲಿ ಅವರನ್ನು ಹಿಂದಕ್ಕೆ ಸರಿಸುವ ವಾಡಿಕೆಗೆ ಬಲ ಕೊಟ್ಟಿತು. ಮೈಯಲ್ಲಿ ಎಂಟು ಕಡೆ ವಕ್ರವಿದ್ದ ಅಷ್ಟಾವಕ್ರನನ್ನು ನೋಡಿ ನಕ್ಕ ಜನಕನ ಸಭೆಯ ಕಥೆಯನ್ನು ಹೇಳುವ ಸಮಾಜವೇ ಅದನ್ನು ಮರೆಯಿತು.

ವಿಜ್ಞಾನದ ಪ್ರಮಾದ ಇನ್ನೂ ದೊಡ್ಡದು. ಬ್ರಿಟಿಷ್ ಅಧಿಕಾರಿ ರಿಸ್ಲೆ 19ನೇ ಶತಮಾನದ ಅಂತ್ಯದಲ್ಲಿ ಮೂಗಿನ ಅಗಲ ಮತ್ತು ಎತ್ತರದ ಅನುಪಾತವನ್ನು ಅಳೆದು ಜಾತಿಗಳ ಮೇಲುಕೀಳನ್ನು ಅದರಿಂದ ವಿವರಿಸಹೊರಟರು. ಅಂಕಿಗಳಿದ್ದವು, ಉಪಕರಣಗಳಿದ್ದವು, ತೀರ್ಮಾನ ಮಾತ್ರ ಪೂರ್ವಗ್ರಹದ್ದಾಗಿತ್ತು. ಜನಾಂಗಗಳ ಶ್ರೇಷ್ಠತೆಯ ವಾದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು ಯುನೆಸ್ಕೊ 1950ರಲ್ಲಿ ಪ್ರಕಟಿಸುವ ವೇಳೆಗೆ ಅಂತಹ ಅಳತೆಗಳ ಹೆಸರಿನಲ್ಲಿ ಜಗತ್ತು ಘೋರ ಹಿಂಸೆಯನ್ನು ಕಂಡಾಗಿತ್ತು.

ವಿಜ್ಞಾನದ ಹಿರಿಮೆ ಇರುವುದು ತನ್ನ ಅಳತೆಯನ್ನು ತಾನೇ ತಿದ್ದಿಕೊಳ್ಳುವುದರಲ್ಲಿ. ಎತ್ತರ ಮತ್ತು ತೂಕವನ್ನು ಹೋಲಿಸುವ ದೇಹತೂಕ ಸೂಚ್ಯಂಕದಲ್ಲಿ 25ನ್ನು ಅತಿತೂಕದ ಗೆರೆಯೆಂದು ಸಾಮಾನ್ಯವಾಗಿ ಪರಿಗಣಿಸಲಾಗಿತ್ತು. ಏಷ್ಯಾದ ಜನರಲ್ಲಿ ಅದಕ್ಕಿಂತ ಕಡಿಮೆ ತೂಕದಲ್ಲೇ ಮಧುಮೇಹ, ಹೃದ್ರೋಗದ ಅಪಾಯ ಹೆಚ್ಚುವುದನ್ನು ಗಮನಿಸಿ, 23ರಿಂದಲೇ ಎಚ್ಚರ ವಹಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2004ರಲ್ಲಿ ಸೂಚಿಸಿದರು. ಮಕ್ಕಳ ಬೆಳವಣಿಗೆಗೆ 2006ರಲ್ಲಿ ಸಂಸ್ಥೆ ಪ್ರಕಟಿಸಿದ ಮಾನದಂಡವನ್ನು ಭಾರತವೂ ಸೇರಿ ಆರು ದೇಶಗಳ ಮಕ್ಕಳನ್ನು ಗಮನಿಸಿ ರೂಪಿಸಲಾಯಿತು. ಅಂಗನವಾಡಿಯ ತೂಕದ ಪಟ್ಟಿಯಲ್ಲಿ ಮಗುವೊಂದು ಗೆರೆಯ ಕೆಳಗಿದ್ದರೆ ಅದು ಮಗುವಿನ ಅಂಕವಲ್ಲ. ಮಗುವಿಗೆ ಸಿಗಬೇಕಾದ ಅನ್ನ, ಆರೈಕೆಯ ಕೊರತೆಯ ಸೂಚನೆ.

ಮೂರೂ ಒಂದಾದ ಕಾಲು

ಕಲೆ, ಧರ್ಮ, ವಿಜ್ಞಾನಗಳು ಒಂದುಗೂಡಿದರೆ ಏನಾಗಬಲ್ಲದು ಎಂಬುದಕ್ಕೆ ರಾಜ್ಯದ ಹೊರಗಿನ ಒಂದು ನಿದರ್ಶನ ಸಾಕು. 1960ರ ದಶಕದ ಕೊನೆಯಲ್ಲಿ ರೂಪುಗೊಂಡ ಜೈಪುರ ಕಾಲಿನ ಹಿಂದೆ ಮೂಳೆತಜ್ಞ ಡಾ. ಪಿ.ಕೆ. ಸೇಠಿ ಅವರೊಡನೆ ರಾಮಚಂದ್ರ ಶರ್ಮ ಎಂಬ ಶಿಲ್ಪಿಯೂ ಇದ್ದರು. ಅದುವರೆಗಿನ ವಿದೇಶಿ ಮಾದರಿಯ ಕೃತಕ ಕಾಲಿಗೆ ಬೂಟು ಅನಿವಾರ್ಯವಾಗಿತ್ತು. ಆದರೆ ನಮ್ಮ ರೈತ ಕೆಸರುಗದ್ದೆಗೆ ಬರಿಗಾಲಲ್ಲಿ ಇಳಿಯಬೇಕು, ಕುಕ್ಕರಗಾಲಿನಲ್ಲಿ ಕೂರಬೇಕು, ಊಟಕ್ಕೆ ಚಕ್ಕಳಮಕ್ಕಳ ಹಾಕಬೇಕು, ಗುಡಿಯೊಳಕ್ಕೆ ಪಾದರಕ್ಷೆ ಬಿಟ್ಟು ಹೋಗಬೇಕು. ರಬ್ಬರಿನಲ್ಲಿ ಎರಕ ಹೊಯ್ದ ಪಾದವು ಇವೆಲ್ಲಕ್ಕೂ ಒದಗಿತು. ಅದಕ್ಕೆ ಶಿಲ್ಪಿಯ ಕಣ್ಣು ರೂಪ ಕೊಟ್ಟಿತು, ವೈದ್ಯನ ಜ್ಞಾನ ಚಲನೆ ಕೊಟ್ಟಿತು, ಜನರ ಆಚಾರ ಅಗತ್ಯವನ್ನು ತಿಳಿಸಿತು.

ಮರಣಾನಂತರದ ಪ್ರಶ್ನೆ

ದೇಹದ ಕುರಿತ ನಮ್ಮ ಕಲ್ಪನೆಗೆ ಕಠಿಣ ಪರೀಕ್ಷೆ ಎದುರಾಗುವುದು ಮರಣದ ಸಮಯದಲ್ಲಿ. ಸುಡುವವರು, ಹೂಳುವವರು ಎಲ್ಲರೂ ದೇಹವನ್ನು ಇಡಿಯಾಗಿಯೇ ಬೀಳ್ಕೊಡಬೇಕೆಂದು ಬಯಸುತ್ತಾರೆ. ಕಣ್ಣು ಕೊಟ್ಟರೆ ಮುಂದಿನ ಜನ್ಮದಲ್ಲಿ ಕುರುಡರಾಗುತ್ತಾರೆಂಬ ಭಯ ಇಂದಿಗೂ ಕೆಲವೆಡೆ ಉಳಿದಿದೆ. 2006ರಲ್ಲಿ ಡಾ. ರಾಜ್‌ಕುಮಾರ್, 2021ರಲ್ಲಿ ಪುನೀತ್ ರಾಜ್‌ಕುಮಾರ್ ಅವರ ನೇತ್ರದಾನವು ಆ ಭಯವನ್ನು ಸಡಿಲಿಸಿತು. ಯಾವ ಭಾಷಣಕ್ಕೂ ಸಾಧ್ಯವಾಗದ್ದನ್ನು ಒಂದು ಕುಟುಂಬದ ನಡೆ ಸಾಧಿಸಿತು.

ಇನ್ನೂ ಒಂದು ಹೆಜ್ಜೆ ಮುಂದೆ ಹೋದದ್ದು ಬೈಲಹೊಂಗಲದ ಒಂದು ಕುಟುಂಬ. ದೇಹದಾನದ ಇಚ್ಛೆ ವ್ಯಕ್ತಪಡಿಸಿ ನಿಧನರಾದ ತಂದೆಯ ಪಾರ್ಥಿವ ಶರೀರವನ್ನು, ಶರೀರರಚನಾಶಾಸ್ತ್ರದ ಅಧ್ಯಾಪಕರಾದ ಪುತ್ರ ಡಾ. ಮಹಾಂತೇಶ ರಾಮಣ್ಣವರ ಅವರು 2010ರಲ್ಲಿ ಬೆಳಗಾವಿಯಲ್ಲಿ ವಿದ್ಯಾರ್ಥಿಗಳ ಮುಂದೆ ಸ್ವತಃ ಛೇದಿಸಿ ಪಾಠ ಮಾಡಿದರು. ಅಗೌರವವೆಂದು ಕೆಲವರಿಗೆ ತೋರಿರಬಹುದು. ಆದರೆ ತಂದೆಯ ಕೊನೆಯ ಮಾತನ್ನು ನಡೆಸಿಕೊಡುವುದಕ್ಕಿಂತ ಮಿಗಿಲಾದ ಉತ್ತರಕ್ರಿಯೆ ಯಾವುದು ಎಂಬ ಪ್ರಶ್ನೆಗೂ ಉತ್ತರ ಕೊಡಬೇಕಾಗುತ್ತದೆ. ವೈದ್ಯಕೀಯ ಕಾಲೇಜುಗಳಿಗೆ ಇಂತಹ ದಾನ ಇಂದಿಗೂ ಬೇಕಾಗಿದೆ. ಮುಂದಿನ ಪೀಳಿಗೆಯ ಶಸ್ತ್ರವೈದ್ಯನ ಕೈ ಪಳಗುವುದು ಅಲ್ಲಿಯೇ.

ಶಿಲ್ಪಿಗೆ ಮೂರ್ತಿಯದೇ ಅಂಗುಲ, ಚರಕನಿಗೆ ರೋಗಿಯದೇ ಬೆರಳು, ಜೈಪುರ ಕಾಲಿಗೆ ರೈತನದೇ ನಡಿಗೆ. ಉಪಕಾರಕ್ಕೆ ಬಂದ ಅಳತೆಗಳೆಲ್ಲ ಅಳೆಯಲ್ಪಡುವವನಿಂದಲೇ ಹೊರಟವು. ಅಪಕಾರ ಮಾಡಿದವು ಬೇರೆಯವರ ಗೋಲನ್ನು ತಂದು ಎಲ್ಲರ ಮೈಗೂ ಹಿಡಿದವು. ಮಗಳ ಬಣ್ಣದ ಬಗ್ಗೆ, ಮಗನ ಎತ್ತರದ ಬಗ್ಗೆ, ಊರುಗೋಲು ಹಿಡಿದು ಬಂದ ನೆಂಟರ ಬಗ್ಗೆ ಮಾತನಾಡುವ ಮುನ್ನ ನಮ್ಮ ಕೈಯಲ್ಲಿರುವ ಗೋಲು ಯಾರದೆಂದು ನೋಡಿಕೊಳ್ಳುವುದು ಒಳಿತು.