ಹೆಸರು ಎರಡು, ಕಾರು ಒಂದು: ತಪ್ಪು ಕಲ್ಪನೆ ಮತ್ತು ವಾಸ್ತವ

ದಿಂಡಿಗಲ್ಲಿನಿಂದ ತೇನಿ, ಚಿನ್ನಮನೂರು, ಕಂಬಂ ದಾಟಿ ಕುಮಳಿಯ ಘಟ್ಟ ಹತ್ತುವ 183ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಟಿಎನ್ 60 ಫಲಕದ ಮಾರುತಿ ಬಲೆನೊ ಕಾರುಗಳೂ ಓಡುತ್ತವೆ, ಟೊಯೊಟಾ ಗ್ಲಾಂಝಾಗಳೂ ಓಡುತ್ತವೆ. ಲಾಂಛನ ಮುಚ್ಚಿ ಪಕ್ಕದಿಂದ ನೋಡಿದರೆ ಯಾವುದು ಯಾವುದೆಂದು ಹೇಳುವುದು ಕಷ್ಟ. ಒಂದು ಕಂಪನಿ ರೂಪಿಸಿದ ಕಾರನ್ನು ಇನ್ನೊಂದು ಕಂಪನಿ ತನ್ನ ಹೆಸರಿನಲ್ಲಿ ಮಾರುವ ಈ ಪದ್ಧತಿಗೆ ಬ್ಯಾಡ್ಜ್ ಎಂಜಿನಿಯರಿಂಗ್ ಎನ್ನುತ್ತಾರೆ. ಇದರ ಸುತ್ತ ಬೆಳೆದ ನಂಬಿಕೆಗಳು ನಮಗೆಲ್ಲ ಪರಿಚಿತ. ಬಹುಕಾಲ ನಾವೂ ನಂಬಿದವೇ. ಬಾಳೆ, ದ್ರಾಕ್ಷಿ ಮಾರಿ ಬಂದ ದುಡ್ಡಿನಲ್ಲಿ ಕಾರು ಕೊಳ್ಳುವವರಿಗೆ ಇವುಗಳಿಂದ ನಿಜವಾದ ನಷ್ಟವಿದೆ. ಆದ್ದರಿಂದ ಒಂದೊಂದಕ್ಕೂ ಉತ್ತರ ಹೇಳಲೇಬೇಕು.

ತಪ್ಪು ಕಲ್ಪನೆ: ಟೊಯೊಟಾ ಲಾಂಛನ ಇದ್ದ ಮೇಲೆ ಗಟ್ಟಿತನವೂ ಟೊಯೊಟಾದ್ದೇ, ಮಾರುತಿ ಹೆಸರಿನ ಜೋಡಿ ಒಂದು ಕೈ ಕಡಿಮೆ.

ವಾಸ್ತವ: 2019ರ ಜೂನ್‌ನಲ್ಲಿ ಬಂದ ಗ್ಲಾಂಝಾ ತಯಾರಾಗುವುದು ಬಲೆನೊ ತಯಾರಾಗುವಲ್ಲೇ, ಗುಜರಾತಿನ ಹಂಸಲ್‌ಪುರದ ಸುಜುಕಿ ಕಾರ್ಖಾನೆಯಲ್ಲಿ. ಎಂಜಿನ್, ಗೇರ್‌ಬಾಕ್ಸ್, ಬಾಡಿ ಎಲ್ಲವೂ ಸುಜುಕಿಯವೇ. ಇದಕ್ಕೆ ಸಾಕ್ಷಿ ಜಾಹೀರಾತಿನಲ್ಲಿ ಸಿಗುವುದಿಲ್ಲ, ರಿಕಾಲ್ ಪ್ರಕಟಣೆಯಲ್ಲಿ ಸಿಗುತ್ತದೆ. 2023ರ ಜನವರಿಯಲ್ಲಿ ಏರ್‌ಬ್ಯಾಗ್ ನಿಯಂತ್ರಕದ ದೋಷ ಪರೀಕ್ಷಿಸಲು ಮಾರುತಿ 17,362 ಕಾರುಗಳನ್ನು ಹಿಂದಕ್ಕೆ ಕರೆಯಿತು. ಬಲೆನೊ, ಗ್ರ್ಯಾಂಡ್ ವಿಟಾರಾ ಅದರಲ್ಲಿದ್ದವು. ಅದೇ ತಿಂಗಳು ಟೊಯೊಟಾ ತನ್ನ ಗ್ಲಾಂಝಾ ಮತ್ತು ಹೈರೈಡರ್ ಸೇರಿ 1,390 ಕಾರುಗಳನ್ನು ಕರೆಯಿತು. ಬಿಡಿಭಾಗ ಅದೇ. ತಯಾರಿಕೆಯ ಅವಧಿಯೂ ಅದೇ: 2022ರ ಡಿಸೆಂಬರ್ 8ರಿಂದ 2023ರ ಜನವರಿ 12. ಗುಣ ಒಂದೇ ಆದಲ್ಲಿ ದೋಷವೂ ಒಂದೇ.

ತಪ್ಪು ಕಲ್ಪನೆ: ಹಾಗಾದರೆ ಎರಡರಲ್ಲಿ ಯಾವುದನ್ನು ಕೊಂಡರೂ ಕಿಂಚಿತ್ತೂ ವ್ಯತ್ಯಾಸವಿಲ್ಲ.

ವಾಸ್ತವ: ಲೋಹದಲ್ಲಿಲ್ಲದ ವ್ಯತ್ಯಾಸ ಕಾಗದದಲ್ಲಿ ಇರಬಹುದು. 2019ರಲ್ಲಿ ಬಲೆನೊಗೆ 2 ವರ್ಷ ಅಥವಾ 40,000 ಕಿ.ಮೀ. ವಾರಂಟಿ ಇತ್ತು. ಅದೇ ಕಾರು ಗ್ಲಾಂಝಾ ಎನಿಸಿಕೊಂಡಾಗ 3 ವರ್ಷ ಅಥವಾ 1 ಲಕ್ಷ ಕಿ.ಮೀ. ಸಿಗುತ್ತಿತ್ತು. 2024ರ ಜುಲೈನಲ್ಲಿ ಮಾರುತಿಯೂ ತನ್ನ ವಾರಂಟಿಯನ್ನು ಅಷ್ಟಕ್ಕೇ ಏರಿಸಿತು. ಸರ್ವಿಸ್ ಸೆಂಟರ್ ಎಷ್ಟು ದೂರ, ಡೀಲರ್ ಎಷ್ಟು ಇಳಿಸುತ್ತಾನೆ, ಕಾರು ಎಷ್ಟು ತಿಂಗಳಿಗೆ ಕೈಸೇರುತ್ತದೆ ಎಂಬುದೂ ಹೆಸರಿನ ಜೊತೆ ಬದಲಾಗುತ್ತದೆ. ಘಟ್ಟದ ಕೆಳಗಿನ ಊರಿನವರಿಗೆ ಇವು ಸಣ್ಣ ಸಂಗತಿಗಳಲ್ಲ.

ತಪ್ಪು ಕಲ್ಪನೆ: ಮಾರುತಿ ತಯಾರಿಸುತ್ತದೆ, ಟೊಯೊಟಾ ಹೆಸರು ಅಂಟಿಸುತ್ತದೆ, ಅಷ್ಟೆ.

ವಾಸ್ತವ: ಬಂಡಿ ಎರಡೂ ದಿಕ್ಕಿಗೆ ಹೋಗುತ್ತದೆ. 2023ರ ಜುಲೈನಲ್ಲಿ ಬಂದ ಮಾರುತಿ ಇನ್ವಿಕ್ಟೊ ಎಂದರೆ ಟೊಯೊಟಾ ಇನ್ನೋವಾ ಹೈಕ್ರಾಸ್. ತಯಾರಾಗುವುದು ಬೆಂಗಳೂರಿನ ಹತ್ತಿರದ ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ. ಗ್ರ್ಯಾಂಡ್ ವಿಟಾರಾ ಇನ್ನೂ ಸ್ವಾರಸ್ಯದ್ದು: ಸುಜುಕಿ ರೂಪಿಸಿತು, 2022ರಿಂದ ಬಿಡದಿಯಲ್ಲಿ ಟೊಯೊಟಾ ತಯಾರಿಸಿತು, ಮಾರುತಿ ಮಾರಿತು. ಅದರ ಜೋಡಿ ಹೈರೈಡರ್ ಟೊಯೊಟಾ ಹೆಸರಿನಲ್ಲಿ ಹೊರಬಂತು.

ತಪ್ಪು ಕಲ್ಪನೆ: ಎಂಜಿನ್ ಬೇರೆ ಕಂಪನಿಯದಾದರೆ ಕಾರೂ ಆ ಕಂಪನಿಯದೇ.

ವಾಸ್ತವ: ಮಾರುತಿ ಸ್ವಿಫ್ಟ್, ಡಿಸೈರ್‌ಗಳಲ್ಲಿ ಹೆಸರು ಮಾಡಿದ 1.3 ಲೀಟರ್ ಡೀಸೆಲ್ ಎಂಜಿನ್ ಮೂಲತಃ ಫಿಯೆಟ್‌ನದು. ಸ್ವಿಫ್ಟ್ ಇದರಿಂದ ಫಿಯೆಟ್ ಆಗಲಿಲ್ಲ; ಕಾರನ್ನು ರೂಪಿಸಿದ್ದು ಸುಜುಕಿ. ಅಡಿಪಾಯ ಹಂಚಿಕೊಳ್ಳುವುದೂ ಬೇರೆ ವಿಷಯ. ಸ್ಕೋಡಾ ಕುಶಾಕ್ ಮತ್ತು ಫೋಕ್ಸ್‌ವ್ಯಾಗನ್ ಟೈಗುನ್ ಒಂದೇ ಅಡಿಪಾಯ, ಒಂದೇ ಎಂಜಿನ್‌ಗಳ ಮೇಲೆ ನಿಂತಿದ್ದರೂ ಹೊರರೂಪ, ಡ್ಯಾಶ್‌ಬೋರ್ಡ್ ಬೇರೆ ಬೇರೆ. ಇವನ್ನು ಗ್ಲಾಂಝಾದ ಸಾಲಿಗೆ ಸೇರಿಸುವುದು ನ್ಯಾಯವಲ್ಲ.

ತಪ್ಪು ಕಲ್ಪನೆ: ಹೆಸರು ಬದಲಿಸಿದ ಕಾರಿಗೆ ಏಳಿಗೆಯಿಲ್ಲ, ಮಾರಾಟ ನಿಂತರೆ ಬಿಡಿಭಾಗವೂ ಸಿಗದು.

ವಾಸ್ತವ: ಈ ಮಾತಿಗೆ ಒಂದು ಕಾರಣವಿದೆ, ತಳ್ಳಿಹಾಕಲಾಗದು. ಚೆನ್ನೈ ಬಳಿಯ ಒರಗಡಂ ಕಾರ್ಖಾನೆಯಲ್ಲಿ ನಿಸಾನ್ ಮೈಕ್ರಾ ಜೊತೆಗೇ ತಯಾರಾದ ರೆನೊ ಪಲ್ಸ್, ನಿಸಾನ್ ಸನ್ನಿಯ ಜೋಡಿಯಾದ ರೆನೊ ಸ್ಕಾಲಾ, ಎರಡೂ 2012ರಲ್ಲಿ ಬಂದು ಹೆಚ್ಚು ಕಾಲ ಉಳಿಯಲಿಲ್ಲ. ಆದರೆ ಅವನ್ನು ಮುಳುಗಿಸಿದ್ದು ಹೆಸರಿನ ದೋಷವಲ್ಲ. ಹೆಚ್ಚು ಕಡಿಮೆ ಅದೇ ಬೆಲೆಗೆ ಅದೇ ಕಾರು ಇನ್ನೊಂದು ಷೋರೂಮಿನಲ್ಲಿ ಮೊದಲೇ ಇದ್ದಾಗ ಹೊಸ ಹೆಸರನ್ನು ಹುಡುಕಿಕೊಂಡು ಹೋಗಲು ಕಾರಣ ಬೇಕಲ್ಲ? ಗ್ಲಾಂಝಾಗೆ ಹೆಚ್ಚಿನ ವಾರಂಟಿಯ ಬೆಂಬಲವಿತ್ತು. ಬಿಡಿಭಾಗದ ಭಯ ಅರ್ಧ ಸತ್ಯ. ಪಲ್ಸ್‌ನ ಬ್ರೇಕ್, ಕ್ಲಚ್, ಸಸ್ಪೆನ್ಷನ್ ಮೈಕ್ರಾದವೇ ಆದ್ದರಿಂದ ಅದರ ಭಾಗ ಹುಡುಕಿದರೆ ಆಯಿತು. ಮುಂಭಾಗದ ಗ್ರಿಲ್, ಬಂಪರ್‌ಗಳಂಥ ಅದೊಂದಕ್ಕೇ ಮಾಡಿದ ಭಾಗಗಳು ಮಾತ್ರ ಕಷ್ಟ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಮುಂಭಾಗ ಪೆಟ್ಟು ತಿಂದಿದೆಯೇ ಎಂದು ಮೊದಲು ನೋಡಬೇಕಾದದ್ದು ಇದಕ್ಕೇ.

ತಪ್ಪು ಕಲ್ಪನೆ: ಇದು ನಮ್ಮ ದೇಶದವರ ಕಣ್ಣಿಗೆ ಮಣ್ಣೆರಚಲು ಇತ್ತೀಚೆಗೆ ಹೂಡಿದ ಆಟ.

ವಾಸ್ತವ: 1959ರಲ್ಲಿ ಬ್ರಿಟನ್ನಿನ ಮಿನಿ ಕಾರು ಆಸ್ಟಿನ್, ಮಾರಿಸ್ ಎಂಬ ಎರಡು ಹೆಸರಿನಲ್ಲಿ ಒಟ್ಟಿಗೇ ಬಂತು. ಇದಕ್ಕೆ ಹತ್ತಿರದ ಇನ್ನೊಂದು ದಾರಿ ನಮ್ಮಲ್ಲಿ ಇನ್ನೂ ಹಳೆಯದು, ಪರವಾನಗಿ ಪಡೆದು ತಯಾರಿಸುವುದು. ಅಂಬಾಸಿಡರ್ ಮೂಲದಲ್ಲಿ ಮಾರಿಸ್ ಆಕ್ಸ್‌ಫರ್ಡ್‌ನ ಮೂರನೇ ಸರಣಿ, ಪ್ರೀಮಿಯರ್ ಪದ್ಮಿನಿ ಮೂಲದಲ್ಲಿ ಫಿಯೆಟ್ 1100. ಕಂಬಂ ಕಣಿವೆಯಿಂದ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಕೆಲಸಗಾರರನ್ನು ಹೊತ್ತೊಯ್ಯುವ ಮಹೀಂದ್ರಾ ಜೀಪಿನ ವಂಶ 1947ರಲ್ಲಿ ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸಿದಾಗ ಶುರುವಾಯಿತು. ಆಮೇಲೆ ದಶಕಗಳ ಕಾಲ ಇಲ್ಲಿನ ರಸ್ತೆಗೆ, ಇಲ್ಲಿನ ಹೊರೆಗೆ ತಕ್ಕಂತೆ ಮಹೀಂದ್ರಾ ಅದನ್ನು ತಿದ್ದಿತು, ಎಂಜಿನ್ ಬದಲಿಸಿತು, ಉದ್ದ ಹೆಚ್ಚಿಸಿತು. ಇವತ್ತು ಅದನ್ನು ಮಹೀಂದ್ರಾದ ಸ್ವಂತ ಬಂಡಿ ಎಂದು ಕರೆಯಲು ನಮಗೆ ಅಳುಕಿಲ್ಲ. ಅಂಬಾಸಿಡರ್‌ಗೂ ಇದೇ ಮಾತು: ಬ್ರಿಟನ್ನಿನಲ್ಲಿ ಮೂಲ ಕಾರು 1959ರಲ್ಲೇ ನಿಂತಿತು, ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಇದು 2014ರವರೆಗೆ ತಯಾರಾಯಿತು.

ತಪ್ಪು ಕಲ್ಪನೆ: ಆರ್‌ಸಿ ಪುಸ್ತಕದಲ್ಲಿ ಬೇರೆ ಮಾದರಿ ಎಂದು ನಮೂದಾದ ಮೇಲೆ ಅದು ಆ ಕಂಪನಿಯ ಸ್ವಂತ ಮಾದರಿಯೇ.

ವಾಸ್ತವ: ನೋಂದಣಿ, ವಿಮೆ, ಮಾರಾಟದ ಲೆಕ್ಕಕ್ಕೆ ಗ್ಲಾಂಝಾ ಬೇರೆ ಮಾದರಿ, ಸರಿ. ಆ ಲೆಕ್ಕಗಳಿಗೆ ಬೇಕಾದದ್ದು ಮಾರಿದವರು ಯಾರು ಎಂಬುದು. ಸ್ವಂತ ಮಾದರಿ ಎನ್ನಲು ಬೇಕಾದದ್ದು ಯೋಚಿಸಿ ರೂಪಿಸಿದವರು ಯಾರು ಎಂಬುದು. ಟೊಯೊಟಾದ ಸ್ವಂತ ಕಾರುಗಳನ್ನು ಎಣಿಸುವಾಗ ಇನ್ನೋವಾ ಸೇರಿಸಿ, ಗ್ಲಾಂಝಾ ಬಿಡಿ. ಮಾರುತಿ ಸುಜುಕಿಯವನ್ನು ಎಣಿಸುವಾಗ ಬಲೆನೊ ಸೇರಿಸಿ, ಇನ್ವಿಕ್ಟೊ ಬಿಡಿ. ಕೊಳ್ಳುವುದಾದರೆ ಎರಡೂ ಷೋರೂಮುಗಳಿಗೆ ಹೋಗಿ, ಆನ್‌ರೋಡ್ ಬೆಲೆಯನ್ನೂ ವಾರಂಟಿಯನ್ನೂ ಕಾಗದದ ಮೇಲೆ ಬರೆಸಿಕೊಂಡು ಬನ್ನಿ, ಮನೆಯಲ್ಲಿ ಅಕ್ಕಪಕ್ಕ ಇಟ್ಟು ಓದಿ.