ಮಣ್ಣು ತುಂಬುವ ಯಂತ್ರಗಳೂ ಅವುಗಳ ತೈಲಕವಾಟವೂ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಅಡಿಕೆ ತೋಟಕ್ಕೆ ಬಸಿಗಾಲುವೆ ತೆಗೆಯುವುದು, ಕೆರೆಯ ಹೂಳೆತ್ತುವುದು, ಧರೆಯನ್ನು ಕಡಿದು ದಾರಿ ಮಾಡುವುದು, ಲಾರಿಗೆ ಮಣ್ಣು ಕಲ್ಲು ತುಂಬುವುದು ಮೊದಲಾದ ಕೆಲಸಗಳು ಈಗ ಬಹುಮಟ್ಟಿಗೆ ಯಂತ್ರಗಳಿಂದಲೇ ನಡೆಯುತ್ತಿವೆ. ಗಾಲಿಯುಳ್ಳದ್ದನ್ನು ಜೇಸಿಬಿ ಎಂದೂ ಉಕ್ಕಿನ ಪಟ್ಟಿಯ ಮೇಲೆ ಚಲಿಸುವುದನ್ನು ಹಿಟಾಚಿ ಎಂದೂ ಜನರು ಕರೆಯುವರು. ಇವು ತಯಾರಕರ ಹೆಸರುಗಳೇ ಹೊರತು ಯಂತ್ರದ ಹೆಸರುಗಳಲ್ಲ. ಗಂಟೆಗೆ ಇಷ್ಟೆಂದು ಬಾಡಿಗೆ ತೆತ್ತು ಇವನ್ನು ತರಿಸುವ ಹಿಡುವಳಿದಾರರು ಯಂತ್ರದ ಬಲವನ್ನು ಕಂಡು ಮೆಚ್ಚುವರಲ್ಲದೆ, ಆ ಬಲವನ್ನು ಹಿಡಿತದಲ್ಲಿಡುವ ಭಾಗ ಯಾವುದೆಂದು ವಿಚಾರಿಸುವುದು ಅಪರೂಪ. ಕೆಳಗೆ ದುಡಿಯುವ ಆಳುಗಳ ಪ್ರಾಣವು ಆ ಭಾಗವನ್ನು ಅವಲಂಬಿಸಿರುವುದರಿಂದ ಗ್ರಾಮ ಪ್ರಮುಖರು ಅದರ ವಿಷಯವನ್ನು ಅರಿತಿರುವುದು ಅವಶ್ಯಕ.

ಮುಚ್ಚಿದ ಪಾತ್ರೆಯಲ್ಲಿ ಒತ್ತಿದ ದ್ರವವು ಎಲ್ಲ ದಿಕ್ಕಿಗೂ ಸಮನಾಗಿ ಒತ್ತುವುದೆಂಬ ತತ್ತ್ವವನ್ನು 17ನೆಯ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲನು ನಿರೂಪಿಸಿದನು. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮನು ಅದೇ ತತ್ತ್ವದ ಮೇಲೆ ಒತ್ತುಯಂತ್ರವನ್ನು ರಚಿಸಿ ಹಕ್ಕುಪತ್ರ ಪಡೆದನು. ನಮ್ಮ ತೋಟದ ಯಂತ್ರದಲ್ಲಿಯೂ ಇಂಜಿನ್ನು ಒಂದು ಪಂಪನ್ನು ತಿರುಗಿಸುತ್ತದೆ; ಪಂಪು ತೈಲವನ್ನು ಸಿಲಿಂಡರಿಗೆ ನೂಕುತ್ತದೆ. ತೈಲದ ಒತ್ತಡವು ಚದರ ಸೆಂಟಿಮೀಟರಿಗೆ 200 ಕಿಲೋಗ್ರಾಮಿನಷ್ಟಿದ್ದು, ಸಿಲಿಂಡರಿನ ಒಳ ಅಡ್ಡಗಲ 10 ಸೆಂಟಿಮೀಟರಾದರೆ, ಪಿಸ್ಟನ್ನನ್ನು ನೂಕುವ ಬಲವು 15 ಟನ್ನಿಗೂ ಮಿಕ್ಕುವುದು. ಕರ್ನಾಟಕದಲ್ಲಿಯೇ ಇಂಥ ಯಂತ್ರಗಳು ತಯಾರಾಗುತ್ತಿವೆ: 1964ರಲ್ಲಿ ಸ್ಥಾಪಿತವಾದ ಭಾರತ್ ಅರ್ತ್ ಮೂವರ್ಸ್ ಸಂಸ್ಥೆಯ ಕಾರ್ಖಾನೆ ಕೋಲಾರ ಚಿನ್ನದ ಗಣಿಯಲ್ಲಿಯೂ, ಟಾಟಾ ಹಿಟಾಚಿಯ ಕಾರ್ಖಾನೆ ಧಾರವಾಡದಲ್ಲಿಯೂ ಇವೆ.

ಇಷ್ಟು ಬಲವು ಯಾವ ಕಡೆಗೆ ಹರಿಯಬೇಕೆಂಬುದನ್ನು ಗೊತ್ತುಮಾಡುವುದೇ ನಿಯಂತ್ರಣ ಕವಾಟ. ಗುಡ್ಡದ ನೀರನ್ನು ಅಡಿಕೆ ದಬ್ಬೆಯಲ್ಲಿ ತರುವವರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. ದಬ್ಬೆಯ ತುದಿಯನ್ನು ಗೇಣಷ್ಟು ಸರಿಸಿದರೆ ನೀರು ಒಂದು ಕಾಲುವೆಯನ್ನು ಬಿಟ್ಟು ಇನ್ನೊಂದಕ್ಕೆ ಬೀಳುವುದಲ್ಲವೆ? ಕವಾಟದಲ್ಲಿ ದಬ್ಬೆಯ ಸ್ಥಾನದಲ್ಲಿರುವುದು ಸ್ಪೂಲ್ ಎಂಬ ನುಣುಪಾದ ಉಕ್ಕಿನ ಸರಳು. ಅದರ ಮೈಮೇಲೆ ಅಲ್ಲಲ್ಲಿ ಬಳೆಯಂತೆ ತಗ್ಗು ಕೊರೆದಿರುತ್ತದೆ. ಚಾಲಕನು ಹಿಡಿಯನ್ನು ಎಳೆದಾಗ ಸ್ಪೂಲು ತನ್ನ ರಂಧ್ರದಲ್ಲಿ ಜಾರಿ, ಪಿಸ್ಟನ್ನಿನ ಒಂದು ಪಕ್ಕಕ್ಕೆ ತೈಲದ ದಾರಿಯನ್ನು ತೆರೆಯುತ್ತದೆ. ಇನ್ನೊಂದು ಪಕ್ಕದ ತೈಲವು ತೊಟ್ಟಿಗೆ ಹಿಂದಿರುಗುತ್ತದೆ. ಬಕೆಟ್ಟು ಮೇಲೇಳುತ್ತದೆ. ಹಿಡಿಯನ್ನು ಬಿಟ್ಟೊಡನೆ ಸ್ಪ್ರಿಂಗು ಸ್ಪೂಲನ್ನು ನಡುವಿಗೆ ತಂದು ಎರಡು ದಾರಿಗಳನ್ನೂ ಮುಚ್ಚುವುದರಿಂದ, ಸಿಲಿಂಡರಿನೊಳಗೆ ಸಿಕ್ಕಿಬಿದ್ದ ತೈಲವೇ ಭಾರವನ್ನು ಹೊರುತ್ತದೆ.

ಸ್ಪೂಲಿಗೂ ರಂಧ್ರಕ್ಕೂ ನಡುವೆ ಇರುವ ಎಡೆಯು ಮಿಲಿಮೀಟರಿನ ಸಾವಿರದಲ್ಲಿ ಕೆಲವು ಪಾಲು ಮಾತ್ರ; ತಲೆಗೂದಲಿಗಿಂತ ಬಹಳ ಕಿರಿದು. ಆದುದರಿಂದ ಕೆಸರಿನ ಕಣವೊಂದು ಸೇರಿದರೂ ಸ್ಪೂಲು ಸಿಕ್ಕಿಕೊಳ್ಳಬಹುದು, ಇಲ್ಲವೆ ಗೀರು ಬಿದ್ದು ತೈಲ ಸೋರಬಹುದು. ಮಳೆಗಾಲದಲ್ಲಿ ತೊಟ್ಟಿಯೊಳಗೆ ನೀರು ಬೆರೆತರೆ ತೈಲವು ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ. ಅಂಥ ತೈಲವುಳ್ಳ ಯಂತ್ರವನ್ನು ಕೆಲಸಕ್ಕೆ ಹಚ್ಚಗೊಡಬಾರದು.

ಇನ್ನೊಂದು ಕವಾಟವುಂಟು, ಕೆರೆಗೆ ಕೋಡಿ ಇದ್ದಂತೆ. ಒತ್ತಡವು ಗೊತ್ತಾದ ಮಿತಿಯನ್ನು ಮೀರಿದೊಡನೆ ಅದು ತೆರೆದುಕೊಂಡು ತೈಲವನ್ನು ತೊಟ್ಟಿಗೆ ಬಿಡುತ್ತದೆ. ಬಕೆಟ್ಟು ಬಂಡೆಗೆ ಸಿಕ್ಕಿದಾಗ ಯಂತ್ರವು ಕಿರ್ರೆಂದು ಕೂಗುವುದು ಇದರಿಂದಲೇ. ಆಗ ಬಂಡೆ ಅಲುಗದು, ತೈಲ ಮಾತ್ರ ಕಾಯುತ್ತದೆ. ಹೆಚ್ಚು ಬಲ ಬರಲೆಂದು ಈ ಕವಾಟದ ತಿರುಪನ್ನು ಬಿಗಿಮಾಡುವುದು ಕೋಡಿಗೆ ಕಲ್ಲು ಕಟ್ಟಿದಂತೆಯೇ ಸರಿ. ಕೊಳವೆಯಾಗಲಿ ಸಿಲಿಂಡರಾಗಲಿ ಒಡೆಯುವುದು.

ಎಲ್ಲಕ್ಕಿಂತ ಮುಖ್ಯವಾದುದು ಮುಂದಿನ ಸಂಗತಿ. ಕವಾಟವು ಯಂತ್ರದ ಒಡಲಿನಲ್ಲಿಯೂ ಸಿಲಿಂಡರು ತೋಳಿನಲ್ಲಿಯೂ ಇದ್ದು, ಎರಡನ್ನೂ ರಬ್ಬರಿನ ಕೊಳವೆ ಜೋಡಿಸುತ್ತದೆ. ಕೊಳವೆ ಹರಿದರೆ ಕವಾಟವು ಎಷ್ಟು ಗಟ್ಟಿಯಾಗಿ ಮುಚ್ಚಿದ್ದರೂ ಪ್ರಯೋಜನವಿಲ್ಲ. ಎತ್ತಿದ ಬಕೆಟ್ಟು ಕೆಳಕ್ಕೆ ಬೀಳುತ್ತದೆ. ಇದನ್ನು ತಡೆಯಲು ಸಿಲಿಂಡರಿನ ಬಾಯಿಯಲ್ಲಿಯೇ ಬೇರೆ ಕವಾಟ ಕೂರಿಸುವುದುಂಟು, ಆದರೆ ಎಲ್ಲ ಯಂತ್ರಗಳಲ್ಲಿಯೂ ಅದು ಇರುವುದಿಲ್ಲ. ಬಿಸಿಲು ಮಳೆ ಎನ್ನದೆ, ಬಿದ್ದ ಕಾಯಿ ಆರಿಸಲೋ ಬುಟ್ಟಿ ತೆಗೆಯಲೋ ಬಕೆಟ್ಟಿನಡಿ ನುಸುಳುವ ಅಭ್ಯಾಸವನ್ನು ಯಜಮಾನರು ನಿಷ್ಠುರವಾಗಿ ತಪ್ಪಿಸತಕ್ಕದ್ದು. ಸಣ್ಣ ಸೋರಿಕೆಯನ್ನು ಕೈಯಿಂದ ಮುಟ್ಟಿ ಹುಡುಕಕೂಡದು, ರಟ್ಟಿನ ತುಂಡು ಹಿಡಿದು ನೋಡಬೇಕು. ಸೂಜಿಯಂಥ ತೈಲದ ಧಾರೆಯು ಚರ್ಮದೊಳಕ್ಕೆ ಹೊಕ್ಕರೆ ಹೊರಗೆ ಮುಳ್ಳು ಚುಚ್ಚಿದಷ್ಟೇ ಗಾಯ ಕಾಣುವುದು; ಆದರೂ ಆ ಗಳಿಗೆಯಲ್ಲಿಯೇ ಆಸ್ಪತ್ರೆಗೆ ಒಯ್ಯದಿದ್ದರೆ ಬೆರಳೋ ಕೈಯೋ ಹೋಗಬಹುದು.

ಬಾಡಿಗೆ ಗೊತ್ತುಮಾಡುವ ಮುನ್ನ ಒಂದು ಪರೀಕ್ಷೆ ಮಾಡಿಸಬಹುದು. ಸಮತಟ್ಟಾದ ನೆಲದಲ್ಲಿ ಎಲ್ಲರನ್ನೂ ದೂರ ನಿಲ್ಲಿಸಿ, ಬರಿಯ ಬಕೆಟ್ಟನ್ನು ಎತ್ತಿಸಿ, ಇಂಜಿನ್ನನ್ನು ನಿಲ್ಲಿಸಿ ಐದು ನಿಮಿಷ ನೋಡಬೇಕು. ಅದು ಬೇಗಬೇಗನೆ ಇಳಿಯುತ್ತಿದ್ದರೆ ಕವಾಟವೋ ಪಿಸ್ಟನ್ನಿನ ಸೀಲೋ ಸವೆದಿದೆ; ರಿಪೇರಿಯಾಗುವವರೆಗೆ ಅಂಥ ಯಂತ್ರವನ್ನು ಧರೆಯ ಕೆಲಸಕ್ಕೂ ಲಾರಿ ತುಂಬುವುದಕ್ಕೂ ಒಪ್ಪಿಕೊಳ್ಳಬಾರದು.