ಅಂಗೈಯಗಲದ ಕ್ಯಾಮರಾ: ಶಾಲೆಯೊಂದರ ಮೊದಲ ಅನುಭವ

ಭಾವಚಿತ್ರವೆಂಬುದು ಅಪರೂಪದ ವಸ್ತುವಾಗಿದ್ದ ದಿನಗಳನ್ನು ನಮ್ಮ ತಲೆಮಾರಿನವರೆಲ್ಲರೂ ಕಂಡಿದ್ದೇವೆ. ಮದುವೆ, ಉಪನಯನ, ಏಳನೆಯ ತರಗತಿಯ ಬೀಳ್ಕೊಡುಗೆ, ಇಂತಹ ಸಂದರ್ಭಗಳಲ್ಲಿ ಮಾತ್ರ ಪೇಟೆಯ ಸ್ಟುಡಿಯೋದವರಿಗೆ ಕರೆ ಹೋಗುತ್ತಿತ್ತು. ಮೂವತ್ತಾರು ಚಿತ್ರಗಳ ರೋಲು ಮುಗಿಯುವವರೆಗೆ ಅದನ್ನು ತೊಳೆಯಿಸುವಂತಿರಲಿಲ್ಲ. ತೊಳೆದು ಬಂದಾಗ ಯಾರ ಕಣ್ಣು ಮುಚ್ಚಿದ್ದರೂ ಅದನ್ನೇ ಗೋಡೆಗೆ ಏರಿಸಬೇಕಿತ್ತು. ಇಂದು ಪ್ರತಿಯೊಬ್ಬರ ಕಿಸೆಯಲ್ಲಿಯೂ ಫೋನಿದೆ, ಫೋನಿನಲ್ಲಿ ಸಾವಿರಾರು ಚಿತ್ರಗಳಿವೆ. ಹೀಗಿರುವಾಗ ಹಳೆ ವಿದ್ಯಾರ್ಥಿಗಳು ಕೂಡಿ ನಮ್ಮ ಶಾಲೆಗೆ ಪುಟ್ಟದೊಂದು ಡಿಜಿಟಲ್ ಕ್ಯಾಮರಾವನ್ನು ಕೊಡಿಸಿದಾಗ, ‘ಇದರ ಅಗತ್ಯವೇನಿತ್ತು?’ ಎಂಬ ಪ್ರಶ್ನೆ ಅನೇಕರಿಂದ ಬಂದುದು ಸಹಜವೇ ಆಗಿದೆ.

ಈ ಯಂತ್ರದ ಇತಿಹಾಸ ಸ್ವಾರಸ್ಯಕರವಾದುದು. ಬೆಳಕನ್ನು ವಿದ್ಯುತ್ತಾಗಿಸಿ ಚಿತ್ರ ಪಡೆಯಬಲ್ಲ ಸಿಸಿಡಿ ಎಂಬ ಸಾಧನವನ್ನು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್ ಮತ್ತು ಜಾರ್ಜ್ ಸ್ಮಿತ್ ಎಂಬವರು 1969ರಲ್ಲಿ ರೂಪಿಸಿದರು. ಅದಕ್ಕಾಗಿ 2009ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. 1975ರಲ್ಲಿ ಕೊಡಾಕ್ ಸಂಸ್ಥೆಯ ತರುಣ ಎಂಜಿನಿಯರ್ ಸ್ಟೀವನ್ ಸ್ಯಾಸನ್ ಕಟ್ಟಿದ ಮೊದಲ ಡಿಜಿಟಲ್ ಕ್ಯಾಮರಾ ಸುಮಾರು 3.6 ಕಿಲೋ ತೂಗುತ್ತಿತ್ತು. ಹತ್ತು ಸಾವಿರ ಬಿಂದುಗಳ ಒಂದು ಕಪ್ಪುಬಿಳಿ ಚಿತ್ರವನ್ನು ಕ್ಯಾಸೆಟ್ ಟೇಪಿನ ಮೇಲೆ ಬರೆಯಲು ಅದಕ್ಕೆ 23 ಸೆಕೆಂಡು ಬೇಕಾಗುತ್ತಿತ್ತು. ನಮ್ಮ ಕೈಗೆ ಬಂದಿರುವುದಾದರೋ ಎರಡು ಕೋಟಿ ಬಿಂದುಗಳ ಚಿತ್ರವನ್ನು ತೆಗೆಯುತ್ತದೆ. ಅದರ ತೂಕ ಒಂದು ಸೌಟಿಗಿಂತ ಹೆಚ್ಚಿರಲಾರದು.

ಏಳನೆಯ ತರಗತಿಯ ಮಕ್ಕಳಿಗೆ ಇದರ ಒಳಗುಟ್ಟನ್ನು ವಿವರಿಸಲು ನಾವು ಗಣಿತದ ಚೌಕುಳಿ ಪುಸ್ತಕವನ್ನೇ ಬಳಸಿದೆವು. ಒಂದೊಂದು ಚೌಕವೂ ಬೆಳಕನ್ನು ಹಿಡಿಯುವ ಒಂದೊಂದು ಗುಳಿ. ಗುಳಿಗೆ ಬಣ್ಣದ ಅರಿವಿಲ್ಲ, ಬೆಳಕು ಎಷ್ಟು ಬಿತ್ತೆಂಬುದಷ್ಟೇ ತಿಳಿಯುತ್ತದೆ. ಆದುದರಿಂದ ಪ್ರತಿಯೊಂದರ ಮೇಲೂ ಹಸುರು, ಕೆಂಪು ಅಥವಾ ನೀಲಿ ಸೋಸುಹಾಳೆ ಇರುತ್ತದೆ. ನಾಲ್ಕರಲ್ಲಿ ಎರಡು ಹಸುರು, ಒಂದು ಕೆಂಪು, ಒಂದು ನೀಲಿ. ಹಸುರಿಗೆ ಇಮ್ಮಡಿ ಪಾಲೇಕೆಂದರೆ ನಮ್ಮ ಕಣ್ಣು ಹಸುರು ಬೆಳಕಿನಲ್ಲಿಯೇ ಸೂಕ್ಷ್ಮ ವಿವರಗಳನ್ನು ಹೆಚ್ಚಾಗಿ ಗ್ರಹಿಸುತ್ತದೆ. ಮಕ್ಕಳು ಚೌಕಗಳಿಗೆ ಬಣ್ಣ ತುಂಬಿ, ಪುಸ್ತಕವನ್ನು ದೂರ ಹಿಡಿದು ನೋಡಿ, ತಾವಾಗಿಯೇ ಅರ್ಥಮಾಡಿಕೊಂಡರು.

ಇನ್ನು ಗುಣದೋಷಗಳ ಮಾತು. ಹಗಲಿನ ಬೆಳಕಿನಲ್ಲಿ ಚಿತ್ರಗಳು ನಿಚ್ಚಳವಾಗಿವೆ. ಮೈದಾನದಾಚೆಯ ಅಡಿಕೆ ಮರದ ತುದಿಯ ಹಕ್ಕಿಯನ್ನು ಮಸೂರವೇ ಮುಂದೆ ಚಾಚಿ ಹತ್ತಿರಕ್ಕೆ ತಂದು ತೋರಿಸುತ್ತದೆ. ಚಿತ್ರವನ್ನು ಕೇವಲ ಹಿಗ್ಗಿಸಿ ಮಸುಕು ಮಾಡುವ ಕೆಲಸವಲ್ಲ ಅದು. ಆದರೆ ಇರುಳಿನಲ್ಲಿ ಇದರ ಶಕ್ತಿ ಕುಂದುತ್ತದೆ. ಹಳೆಯ ಫಿಲ್ಮಿನ ಒಂದು ಚೌಕಟ್ಟು 36 ಮಿ.ಮೀ. ಉದ್ದ, 24 ಮಿ.ಮೀ. ಅಗಲವಾಗಿದ್ದರೆ, ಇದರೊಳಗಿನ ಬೆಳಕುಗ್ರಾಹಿಯ ಉದ್ದ ಸುಮಾರು 6 ಮಿ.ಮೀ. ಮಾತ್ರ. ವಿಸ್ತೀರ್ಣದಲ್ಲಿ ಮೂವತ್ತರಲ್ಲಿ ಒಂದು ಪಾಲು! ಆದುದರಿಂದ ಬಯಲಾಟದ ವೇಷವನ್ನು ರಂಗಸ್ಥಳದ ದೀಪದಲ್ಲಿ ತೆಗೆದರೆ ಕಿರೀಟದ ಮಿಂಚು ಮೂಡುತ್ತದೆ, ಮುಖವರ್ಣಿಕೆಯ ಸೂಕ್ಷ್ಮ ರೇಖೆಗಳು ಮಾತ್ರ ರವೆ ಚೆಲ್ಲಿದಂತೆ ಕದಡಿಹೋಗುತ್ತವೆ. ಸುಡುಬಿಸಿಲಿನಲ್ಲಿ ಹಿಂಬದಿಯ ಪರದೆ ಕಾಣಿಸದೆ ಅಂದಾಜಿನಲ್ಲಿಯೇ ಗುಂಡಿ ಒತ್ತಬೇಕಾಗುತ್ತದೆ. ಬ್ಯಾಟರಿ ಇನ್ನೂರು ಚಿತ್ರಗಳಿಗೆ ದಣಿಯುತ್ತದೆ.

ಇಷ್ಟಾದರೂ ಫೋನಿಗಿಂತ ಇದು ಶಾಲೆಗೆ ಉಚಿತವೆಂಬುದು ನಮ್ಮ ಅಭಿಪ್ರಾಯ. ಫೋನು ಒಬ್ಬರ ಸ್ವಂತದ್ದು. ಆ ಅಧ್ಯಾಪಕರು ವರ್ಗವಾಗಿ ಹೋದರೆ ಶಾಲೆಯ ಚಿತ್ರಗಳೂ ಅವರೊಡನೆ ಹೋಗುತ್ತವೆ. ಕ್ಯಾಮರಾ ಶಾಲೆಯ ಕಪಾಟಿನದು. ಕರೆ, ಸಂದೇಶ, ಆಟಗಳ ಹಂಗಿಲ್ಲದ ಕಾರಣ ಮಕ್ಕಳ ಕೈಗೂ ನಿರಾತಂಕವಾಗಿ ಕೊಡಬಹುದು. ಜಗತ್ತು ಇಂತಹ ಕ್ಯಾಮರಾಗಳನ್ನು ಬಹುಮಟ್ಟಿಗೆ ಮರೆತಿರುವುದು ನಿಜ. 2010ರಲ್ಲಿ ಜಪಾನಿನ ತಯಾರಕರು 12 ಕೋಟಿಗೂ ಮಿಕ್ಕಿ ಡಿಜಿಟಲ್ ಕ್ಯಾಮರಾಗಳನ್ನು ಮಾರುಕಟ್ಟೆಗೆ ಕಳುಹಿಸಿದ್ದರು, ಅವುಗಳಲ್ಲಿ ಬಹುಪಾಲು ಈ ಸಣ್ಣ ಜಾತಿಯವು. 2023ರಲ್ಲಿ ಈ ಜಾತಿಯವು 20 ಲಕ್ಷವನ್ನೂ ಮುಟ್ಟಲಿಲ್ಲ. ಆದರೆ ಪೇಟೆಗೆ ಬೇಡವಾದುದೆಲ್ಲ ಹಳ್ಳಿಯ ಶಾಲೆಗೂ ಬೇಡವಾಗಬೇಕೆಂದಿಲ್ಲವಷ್ಟೆ.

ನಮಗೆ ಇದು ಬೇಕಾದುದರ ಮುಖ್ಯ ಕಾರಣ ಬೇರೆಯೇ ಇದೆ. ಶಾಲೆಯ ಮರದ ಪೆಟ್ಟಿಗೆಯಲ್ಲಿ ಹನ್ನೊಂದು ಹಳೆಯ ದಾಖಲಾತಿ ಪುಸ್ತಕಗಳಿವೆ. 1956ರ ನವೆಂಬರ 1ರಂದು ಕಾಸರಗೋಡು ಕೇರಳಕ್ಕೆ ಸೇರುವ ಮೊದಲು, ಈ ಪ್ರದೇಶವು ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿದ್ದ ಕಾಲದ ಪುಟಗಳೂ ಅವುಗಳಲ್ಲಿವೆ. ಮಗುವಿನ ಹೆಸರು, ತಂದೆಯ ಹೆಸರು, ಮನೆಯ ಹೆಸರು, ಕಸುಬು, ಶಾಲೆ ಬಿಟ್ಟ ಕಾರಣ ಎಲ್ಲವೂ ದುಂಡಗಿನ ಕನ್ನಡ ಅಕ್ಷರಗಳಲ್ಲಿ. ಹುಟ್ಟಿದ ದಿನಾಂಕದ ಆಧಾರಕ್ಕಾಗಿ, ಹಿರಿಯರು ಓದಿದ್ದು ಕನ್ನಡದಲ್ಲೆಂಬುದರ ಆಧಾರಕ್ಕಾಗಿ ಇಂದಿಗೂ ಜನರು ಇವನ್ನು ಅರಸಿ ಬರುತ್ತಾರೆ. ಎರಡು ಪುಸ್ತಕಗಳ ಅಂಚನ್ನು ಗೆದ್ದಲು ಈಗಾಗಲೇ ತಿಂದಿದೆ. ಕೆಲವು ಪುಟಗಳಲ್ಲಿ ಮಸಿ ಮಾಸಿ ಹಳದಿಯಾಗಿದೆ. ಮಕ್ಕಳ ಸಂಖ್ಯೆ ಇಳಿಯುತ್ತಿರುವ ಕನ್ನಡ ಶಾಲೆಗಳ ಕಪಾಟುಗಳು ಮುಂದೆ ಯಾರ ವಶಕ್ಕೆ ಹೋಗುವುವೆಂದು ಯಾರು ಬಲ್ಲರು?

ಕಳೆದ ಎರಡು ತಿಂಗಳಲ್ಲಿ ನಾವು ಆರು ಪುಸ್ತಕಗಳ ಚಿತ್ರ ತೆಗೆದು ಮುಗಿಸಿದ್ದೇವೆ. ಕ್ರಮ ಬಹು ಸರಳ. ಉತ್ತರದ ಕಿಟಕಿಯ ಬಳಿ ಮೇಜನ್ನಿರಿಸಿ, ಫ್ಲ್ಯಾಶ್ ಆರಿಸಿ, ಕ್ಯಾಮರಾವನ್ನು ಮುಕ್ಕಾಲಿಗೆ ಬಿಗಿದು, ಹೂವಿನ ಗುರುತಿನ ಸಮೀಪ ಚಿತ್ರಣ ಕ್ರಮದಲ್ಲಿ ಎರಡು ಸೆಕೆಂಡು ತಡೆದು ತೆಗೆಯುವ ವ್ಯವಸ್ಥೆಯನ್ನು ಬಳಸಿದರೆ ಕೈಯ ನಡುಕ ತಾಗುವುದಿಲ್ಲ. ಒಬ್ಬಳು ಪುಟ ಮಗುಚುತ್ತಾಳೆ, ಒಬ್ಬನು ಪುಟಸಂಖ್ಯೆಯನ್ನು ಗುರುತು ಹಾಕುತ್ತಾನೆ. ಓದಲು ಕಷ್ಟವಾದ ಅಕ್ಷರಗಳನ್ನು ಪರದೆಯಲ್ಲಿ ಹಿಗ್ಗಿಸಿದಾಗ ತನ್ನ ಮುತ್ತಜ್ಜನ ಹೆಸರನ್ನು ಕಂಡ ಹುಡುಗನೊಬ್ಬನು, “ಮಾಷ್ಟ್ರೇ, ಇದು ನಮ್ಮ ಮನೆಯೇ!” ಎಂದು ಕೂಗಿದನು. ‘ಶಾಲೆ ಬಿಟ್ಟ ಕಾರಣ’ ಎಂಬಲ್ಲಿ ‘ಬಡತನ’ ಎಂದಷ್ಟೇ ಬರೆದಿತ್ತು. ಆ ದಿನ ತರಗತಿಯಲ್ಲಿ ನಾವು ಬೇರೆ ಪಾಠ ಮಾಡಲಿಲ್ಲ.

ಊರಿನ ಹಿರಿಯರ ಚಿತ್ರಗಳನ್ನೂ ಮಕ್ಕಳು ತೆಗೆಯತೊಡಗಿದ್ದಾರೆ. “ಇದು ಯಾವಾಗ ತೊಳೆದು ಸಿಗ್ತದೆ?” ಎಂದು ಅಜ್ಜಿಯೊಬ್ಬರು ಕೇಳಿದರು. ಪರದೆಯಲ್ಲಿ ತೋರಿಸಿದರೂ ಅವರಿಗೆ ಸಮಾಧಾನವಾಗಲಿಲ್ಲ. ಅವರ ಮಾತಿನಲ್ಲಿ ಸತ್ಯವಿದೆ. ಕಾರ್ಡಿನೊಳಗಣ ಚಿತ್ರ ಒಂದು ಸಿಡಿಲಿಗೆ, ಒಂದು ಮರೆವಿಗೆ ಅಳಿದುಹೋಗಬಹುದು. ಆದುದರಿಂದ ಪ್ರತಿ ಚಿತ್ರವೂ ಬೇರೆ ಬೇರೆ ಮನೆಗಳಲ್ಲಿರುವ ಎರಡು ಕಡೆ ಪ್ರತಿಯಾಗಿ ಉಳಿಯಬೇಕು, ಮುಖ್ಯವಾದುದು ಕಾಗದದ ಮೇಲೂ ಮೂಡಬೇಕು.

ಕೊಳ್ಳಬಯಸುವವರಿಗೆ ಎರಡು ಮಾತು. ಬಿಂದುಗಳ ಸಂಖ್ಯೆಗೆ ಮರುಳಾಗಬೇಡಿ. ಕೈಗೆ ಒಗ್ಗುತ್ತದೆಯೇ, ಬ್ಯಾಟರಿ ಬೇರೆಯಾಗಿ ದೊರೆಯುತ್ತದೆಯೇ ಎಂದು ವಿಚಾರಿಸಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯುವ ಭಯವಿರುವುದರಿಂದ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಬಿಗಿಮುಚ್ಚಳದ ಡಬ್ಬಿಯಲ್ಲಿರಿಸಿ. ದಿನಾಂಕವನ್ನು ಮೊದಲೇ ಸರಿಯಾಗಿ ಹೊಂದಿಸಿಕೊಳ್ಳಿ. ದೈವಸ್ಥಾನ, ಭೂತಕೋಲಗಳಲ್ಲಿ ಹಿರಿಯರ ಅಪ್ಪಣೆಯಿಲ್ಲದೆ ತೆಗೆಯದಿರಿ.

ಮನೆಯ ಅಟ್ಟದಲ್ಲಿ ಹಳೆಯ ಪತ್ರ, ಲೆಕ್ಕದ ಪುಸ್ತಕ, ಗೋಡೆಯ ಭಾವಚಿತ್ರಗಳಿರುವ ಬಾಂಧವರು ಈ ಬೇಸಗೆಯಲ್ಲಿಯೇ ಅವುಗಳ ಚಿತ್ರ ತೆಗೆಸಿಕೊಳ್ಳಲಿ. ಪ್ರತಿಯೊಂದರ ಜೊತೆಗೆ ಯಾರು, ಎಲ್ಲಿ, ಯಾವಾಗ ಎಂಬುದನ್ನು ಕನ್ನಡದಲ್ಲಿ ಬರೆದಿಡಲಿ. ಹೇಳಬಲ್ಲ ಹಿರಿಯರು ಇನ್ನೂ ನಮ್ಮೊಡನಿದ್ದಾರೆ.